ಸುಗ್ಗಿ ಹಬ್ಬಕ್ಕೆ ಒಂದು ಬುಟ್ಟಿ ಸೊಪ್ಪು

ಇವತ್ತು ಚಿಂತಾಮಣಿ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ತಂದಿಟ್ಟರು. ಆ ಹಸಿ ವಾಸನೆಗೆ ದಿಬ್ಬೂರಹಳ್ಳಿಯ ನಮ್ಮ ಹುಳದ ಮನೆ ಕಣ್ಣ ಮುಂದೆ ಬಂತು.

ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಕೈ ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪ್ರತಿ ವರ್ಷ ಚರ್ಚಿನ ಸುಗ್ಗಿ ಹಬ್ಬಕ್ಕೆ ಮೊದಲ ಫಲವೆಂದು ಒಂದು ಬುಟ್ಟಿ ರೇಷ್ಮೆ ಗೂಡು ಒಯ್ಯುವುದು ಅವಳ ರೂಢಿ. ಅಪ್ಪ ತೀರಿಕೊಂಡ ವರ್ಷ ಹುಳಕ್ಕೂ ರೋಗ ಬಂದು, ಗೂಡು ಕಟ್ಟುವ ಮುಂಚೆಯೇ ಎಲ್ಲ ಸತ್ತವು. ಹಬ್ಬದ ಬೆಳಿಗ್ಗೆ ಅಮ್ಮ ತೋಟಕ್ಕೆ ಹೋಗಿ, ಹುಳಗಳಿಲ್ಲದೆ ಹಾಗೇ ಉಳಿದಿದ್ದ ಸೊಪ್ಪನ್ನು ಕೊಯ್ದು ಅದೇ ಬುಟ್ಟಿಗೆ ತುಂಬಿದಳು.

“ಬ್ಯಾಡಮ್ಮ, ಎಲ್ರೂ ನಗ್ತಾರೆ,” ಎಂದೆ.

“ನಗ್ಲಿ ಬಿಡಮ್ಮ. ಹುಳ ಹೋದ್ವು, ಸೊಪ್ಪು ಬಂದಿದೆಯಲ್ಲ. ಅದನ್ನ ಕೊಟ್ಟೋನೂ ದೇವ್ರೇ ತಾನೆ?”

ಇವಳಿಗೆ ದುಃಖವೇ ಆಗುವುದಿಲ್ಲವೇ ಎಂದು ದಾರಿಯುದ್ದಕ್ಕೂ ನನಗೆ ಸಿಟ್ಟು.

ಚರ್ಚಿನ ಅಯ್ಯನವರು ಆ ಬುಟ್ಟಿಯನ್ನು ಕುಂಬಳಕಾಯಿ, ರಾಗಿ ತೆನೆಗಳ ಪಕ್ಕದಲ್ಲಿ ಇಟ್ಟರು. ಯಾರೂ ನಗಲಿಲ್ಲ. ಅಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಆದರೆ ನನ್ನ ಕೈ ಹಿಡಿದಿದ್ದ ಅವಳ ಕೈ ಹಾಡು ಮುಗಿಯುವವರೆಗೂ ನಡುಗುತ್ತಲೇ ಇತ್ತು.

ನಾಳೆ ಸುಗ್ಗಿ ಹಬ್ಬ. ನನ್ನ ಟೈಲರಿಂಗ್ ಅಂಗಡಿ ಮುಚ್ಚಿ ಮೂರು ತಿಂಗಳಾಯಿತು. ಬರಿಗೈಯಲ್ಲಿ ಹೇಗೆ ಹೋಗಲಿ, ಈ ಸಲ ಚರ್ಚೇ ಬೇಡ ಅಂದುಕೊಂಡಿದ್ದೆ. ಬಸ್ಸಿಳಿದು ಮನೆಗೆ ಬಂದವಳೇ, ಅಂಗಡಿ ಮುಚ್ಚಿದಾಗ ಉಳಿದಿದ್ದ ಬಿಳಿ ಬಟ್ಟೆ ತೆಗೆದು, ಚರ್ಚಿಗೊಂದು ಕಾಣಿಕೆ ಚೀಲ ಹೊಲಿಯಲು ಕೂತೆ. ಸೂಜಿಗೆ ದಾರ ಪೋಣಿಸುತ್ತಾ, ಅಮ್ಮ ಅವತ್ತು ಹಾಡಿದ ಹಾಡನ್ನೇ ಗಟ್ಟಿಯಾಗಿ ಹಾಡಿದೆ.