ಟಿವಿಗೆ ಬೆನ್ನು ಹಾಕಿ ಕೂತವರು

ಅಮೆರಿಕದ ರಿಚರ್ಡ್‌ಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಧಾರವಾಡದ ಸೀನಿಯರ್ ಒಬ್ಬರಿದ್ದರು, ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಶನಿವಾರ ನಾವೆಲ್ಲ ಕಾಲೇಜ್ ಫುಟ್‌ಬಾಲ್ ನೋಡುವಾಗ ಅವರು ಟಿವಿಗೆ ಬೆನ್ನು ಹಾಕಿ, ಲ್ಯಾಪ್‌ಟಾಪಿನ ಅಂಕಿಅಂಶಗಳಿಂದಲೇ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಯೋಗ್ಯತೆ ಅಳೆಯುತ್ತಿದ್ದರು. ಚುರುಮುರಿಯ ತಟ್ಟೆಯನ್ನೂ ತಿರುಗದೆ, ಹಿಂದಕ್ಕೆ ಕೈ ಚಾಚಿಯೇ ತೆಗೆದುಕೊಳ್ಳುತ್ತಿದ್ದರು.

“ಕಣ್ಣು ಮೋಸ ಮಾಡ್ತಾವ್ರಿ, ನಂಬರ್ ಮಾಡಂಗಿಲ್ಲ.”

ಒಮ್ಮೆ ನಮ್ಮ ಮೆಚ್ಚಿನ ತಂಡ ಸೋಲುವ ಅಂಚಿನಲ್ಲಿತ್ತು. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಅವನ ಜೊತೆಗಾರ ಕೈಗೆ ಬಂದರೂ ಬಿಟ್ಟ. ಇವನು ಮತ್ತೆ ಎಸೆದ, ಅವನು ಮತ್ತೆ ಬಿಟ್ಟ. ಅಂಕಿಅಂಶದ ಲೆಕ್ಕದಲ್ಲಿ ಎರಡೂ ತಪ್ಪು ಎಸೆದವನ ಹೆಸರಿಗೇ.

“ಇಂವನ್ನ ತಗೀಬೇಕ್ರಿ,” ಎಂದರು ಸೀನಿಯರ್.

“ಅಣ್ಣಾ, ಒಂದೇ ಒಂದ್ಸಲ ತಿರುಗಿ ನೋಡಿ,” ಎಂದೆ.

ತಿರುಗಿದರು. ನೆಲಕ್ಕೆ ಕುಸಿದಿದ್ದ ಜೊತೆಗಾರನನ್ನು ಕ್ವಾರ್ಟರ್‌ಬ್ಯಾಕ್ ಕೈಹಿಡಿದು ಎಬ್ಬಿಸಿ, ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿಸಿ ಏನೋ ಹೇಳಿದ. ಉಳಿದಿದ್ದದ್ದು ಒಂದೇ ಅವಕಾಶ. ಚೆಂಡು ಅವನ ಕೈಯಿಂದ ಹೊರಟಿತು.

“ಮತ್ತ ಅವಗೇ ಒಗದಾನಲ್ರೀ!”

ಸೀನಿಯರ್ ಎದ್ದು ನಿಂತಿದ್ದರು. ಅವರ ಕೈಯಲ್ಲಿದ್ದ ತಟ್ಟೆ ವಾಲಿ ಚುರುಮುರಿಯೆಲ್ಲ ಲ್ಯಾಪ್‌ಟಾಪಿನ ಮೇಲೆ ಸುರಿಯುತ್ತಿತ್ತು. ಆ ಹುಡುಗ ಚೆಂಡನ್ನು ಹಿಡಿದನೋ ಬಿಟ್ಟನೋ, ನಾನು ನೋಡಲಿಲ್ಲ. ನಾನು ಸೀನಿಯರ್ ಮುಖ ನೋಡುತ್ತಿದ್ದೆ.