ತಮ್ಮನ ಮಾಸ್ತರಿಕೆ

ರಜಾಕಾರರ ಗದ್ದಲ ತಣ್ಣಗಾದ ಮರುವರ್ಷ ಹುಮನಾಬಾದಿನಲ್ಲಿ ಕನ್ನಡ ಸಾಲೆ ತೆರೆಯುತ್ತಾರೆಂದು ಸುದ್ದಿಯಾಯಿತು. ಅಲ್ಲಿಯವರೆಗೆ ಸಾಲೆ ಎಂದರೆ ಉರ್ದು. ನಾನು ಅದನ್ನೂ ಪೂರಾ ಕಲಿಯಲಿಲ್ಲ. ತಮ್ಮನನ್ನು ಎತ್ತಿ ಆಡಿಸಲಿಕ್ಕೆಂದು ನನ್ನನ್ನು ಬಿಡಿಸಿದ್ದರು. ಮುಂದೆ ಅವನು ಬಸವಕಲ್ಯಾಣದ ಮಠದಲ್ಲಿ ಕನ್ನಡ ಕಲಿತ. ಈಗ ಮಾಸ್ತರಿಕೆ ಕೇಳಿಕೊಂಡು ಬಂದು ನನ್ನ ಗಂಡನ ಮನೆಯಲ್ಲಿ ಉಳಿದಿದ್ದ. ಸಾಲೆ ತಪಾಸಣೆಯ ಸಾಹೇಬರು ಬಂದು ಅವನ ಪಾಠ ನೋಡುವವರಿದ್ದರು. ಮೆಚ್ಚಿದರೆ ನೌಕರಿ.

ಮುಂದೆ ಬಹಳ ದೊಡ್ಡವನಾದ ಲೇಖಕನೊಬ್ಬ ಹರೆಯದಲ್ಲಿ ಬರೆದ ಪಟ್ಟಣದ ಮಂದಿಯ ನುಡಿಚಿತ್ರಗಳ ಪುಸ್ತಕ ತಮ್ಮನ ಹತ್ತಿರವಿತ್ತು. ಕುದುರೆಗಾಡಿಯವನು, ಅಂಗಡಿಯ ಕಾರಕೂನ, ಬಾಡಿಗೆ ಕೋಣೆಯ ಮುದುಕಿ. ನಮ್ಮ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿ ಓದುತ್ತಿದ್ದ. ಅವು ಸಾಲೆಯ ರೂಢಿಯಂತೆ ಮೈ ತೂಗುತ್ತ ಒಟ್ಟಿಗೆ ಒದರುತ್ತಿದ್ದವು.

"ಒದರಬ್ಯಾಡ್ರೋ, ಇದು ಬಾಯಿಪಾಠ ಅಲ್ಲ. ನಗ್ರಿ!"

"ನಕ್ಕರ ಹೊಡೆಯಂಗಿಲ್ಲೇನ್ರಿ ಮಾಸ್ತರ್?"

"ಇದನ್ನ ಬರದಂವಗ ಪಟ್ಟಣ ಇತ್ತು, ನಮಗ ಬಜಾರ ಅದ. ನೀವೂ ಒಬ್ಬೊಬ್ಬರನ್ನ ನೋಡಿ ಬರ್ರಿ. ಸಾಹೇಬ್ರ ಮುಂದ ಹೇಳಬೇಕು."

ಒಳಗೆ ರೊಟ್ಟಿ ಬಡಿಯುತ್ತ ನಾನು ಆ ನಗೆ ಕೇಳುತ್ತಿದ್ದೆ. ಒಂದು ದಿನ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ಕುಳಿತೆ.

"ನಿನಗೇನ್ ತಿಳೀತದ ಅಕ್ಕಾ? ಒಲಿ ಆರಾಕತ್ತದ, ನೋಡು ಹೋಗು," ಎಂದ. ಮಕ್ಕಳು ಅದಕ್ಕೂ ನಕ್ಕವು.

ಮರುದಿನ ಪಕ್ಕದ ಮನೆಯ ಹುಡುಗಿ ಮಜ್ಜಿಗೆಗೆ ಬಂದಳು. "ಕಾಕೀ, ನನಗ ಯಾರೂ ಸಿಗವಲ್ರು. ನೀವೇ ಒಬ್ಬರನ್ನ ಹೇಳ್ರಿ."

ಹೇಳಿದೆ. ಗದ್ದಲದಲ್ಲಿ ಒಬ್ಬ ಗಂಡಸು ಸೀರೆ ಉಟ್ಟು, ಬಳೆ ತೊಟ್ಟು, ತಲೆ ತುಂಬ ಸೆರಗು ಹೊದ್ದು ಬಸವಕಲ್ಯಾಣದಿಂದ ಇಲ್ಲಿಗೆ ನಡೆದು ಬಂದ ಕಥೆ. ನಿರಿಗೆ ತೊಡರಿ ಮುಗ್ಗರಿಸಿದ್ದನ್ನು, ಸೊಂಟ ಬಳುಕಿಸಲು ಹೋಗಿ ಕುಂಟಿದ್ದನ್ನು ಅಡಿಗೆಮನೆಯಲ್ಲಿ ನಡೆದು ತೋರಿಸಿದೆ.

"ಯಾರ್ರೀ ಅಂವ?"

"ಹೊರಗ ಪಾಠ ಹೇಳತಾನಲ್ಲ, ಅಂವನೇ. ಸಾಹೇಬ್ರು ಬಂದಾಗ ಹೇಳು. ಮಾಸ್ತರಗ ಖುಷಿ ಆಗ್ತದ."

ಉಳಿದರ್ಧ ಹೇಳಲಿಲ್ಲ. ಸೀರೆ ನನ್ನದು. ಬಾಣಂತನಕ್ಕೆ ಬಸವಕಲ್ಯಾಣದ ತವರಿಗೆ ಹೋದವಳು ಅಲ್ಲೇ ಸಿಕ್ಕಿಬಿದ್ದಿದ್ದೆ. ದಾರಿಯಲ್ಲಿ ಹರೆಯದ ಗಂಡಸರನ್ನು ಹಿಡಿದು ಕಡಿಯುತ್ತಿದ್ದರು. ಒಬ್ಬಳೇ ಹೋಗಲಾರೆ ಎಂದು ನಾನು ಅತ್ತಿದ್ದಕ್ಕೆ ಅವನು ಆಗಷ್ಟೇ ಚಿಗುರಿದ ಮೀಸೆ ಬೋಳಿಸಿಕೊಂಡ. ನನ್ನ ಕೂಸನ್ನು ದಾರಿಯುದ್ದಕ್ಕೂ ಎದೆಗವಚಿಕೊಂಡು ಬಂದ.

ಸಾಹೇಬರು ಬಂದು ನಮ್ಮ ಕಟ್ಟೆಯ ಮೇಲೇ ಕುಳಿತರು. ಬೇರೆ ಮಕ್ಕಳು ಅತ್ತರಿನವನನ್ನು, ಕಲಾಯಿಯವನನ್ನು ಹೇಳಿದವು. ಸಾಹೇಬರು ತಲೆದೂಗಿದರು. ಆಮೇಲೆ ಆ ಹುಡುಗಿ ಎದ್ದು ಸೀರೆ ಉಟ್ಟು ಬಂದವನ ಕಥೆ ಹೇಳುತ್ತ ಸೊಂಟ ತಿರುವಿ ನಡೆದಳು. ಸಾಹೇಬರು ಕಣ್ಣೀರು ಬರುವಂತೆ ನಕ್ಕರು.

"ಯಾರವ್ವಾ ಈ ಬಹಾದ್ದೂರ?"

"ನಮ್ಮ ಮಾಸ್ತರ್ರೇ ರೀ!"

ತಮ್ಮ ಪುಸ್ತಕ ಮಡಚಿದ. ಸೀರೆ ಯಾಕೆ ಉಟ್ಟೆನೆಂದು ಹೇಳಿದ್ದರೆ ಅಕ್ಕನ ಹೆಸರು ಬರುತ್ತಿತ್ತು. ನಾನು ಬಾಗಿಲ ಮರೆಯಲ್ಲೇ ಇದ್ದೆ, ಅದೇ ಕೂಸು ಕಂಕುಳಲ್ಲಿತ್ತು. ಹೊರಗೆ ಬಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನ ಮುಖ ಕಪ್ಪಿಟ್ಟದ್ದನ್ನು ನೋಡುತ್ತ ನಿಂತೆ. ಹಿತವೆನಿಸಿತು.

"ಸೀರಿ ಉಟ್ಟು ಓಡಿದಂವ ಹುಡುಗರಿಗೆ ಏನ್ ಕಲಸ್ತಾನ?" ಎನ್ನುತ್ತ ಸಾಹೇಬರು ಜೋಡು ಮೆಟ್ಟಿಕೊಂಡರು.

ಮಾಸ್ತರಿಕೆ ಬೇರೆಯವನಿಗಾಯಿತು. ತಮ್ಮ ಸೊಲ್ಲಾಪುರದ ಮಿಲ್ಲಿಗೆ ಹೊರಟ. ಗಂಟು ಕಟ್ಟುತ್ತ ಕೇಳಿದ:

"ಆ ಹುಡುಗಿ ನಡಿಗಿ ಥೇಟ್ ನಂದೇ ಇತ್ತು ಅಕ್ಕಾ. ಆಕಿ ಎಲ್ಲಿ ನೋಡಿದ್ದಳು?"

"ನನಗೇನ್ ಗೊತ್ತು?"

ಬುತ್ತಿ ಕಟ್ಟಿಕೊಟ್ಟೆ, ಅವನು ಮುಟ್ಟಲಿಲ್ಲ. ಮೋಟರು ನಿಲ್ಲುವ ಜಾಗದವರೆಗೆ ಮಕ್ಕಳು ಸೊಂಟ ಬಳುಕಿಸುತ್ತ ಅವನ ಹಿಂದೆಯೇ ಹೋದವು. ನಾನು ಬಾಗಿಲಲ್ಲಿ ನಿಂತಿದ್ದೆ, ಒಂದನ್ನೂ ಗದರಿಸಲಿಲ್ಲ.