ಇದು ಹೀಗೇಕೆ?

ಕೊರಿಯದ ಜೊಂಜು ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಸೊನ್‌ಹ್ವಾ, ದೇಶದೇಶದವರು ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಪಂಚಾಂಗದ ತಂತ್ರಾಂಶಕ್ಕೆ ಕೊರಿಯದ ಚಾಂದ್ರಮಾನದ ಅಧಿಕಮಾಸ ಲೆಕ್ಕಹಾಕುವ ಕೋಡ್ ಬರೆದು ಕಳಿಸಿದಳು. ಅದನ್ನು ಪರಿಶೀಲಿಸುವ ಫಿನ್ಲೆಂಡಿನ ಎರೋ ಕೇಳಿದ: "ಇದನ್ನ ಯಾಕೆ ಹೀಗೆ ಬರೆದ್ರಿ?"

ಅವಳ ಕಚೇರಿಯಲ್ಲಿ ಮೇಲಿನವರು "ಯಾಕೆ" ಎಂದು ಕೇಳಿದರೆ ಉತ್ತರ ಕೊಡುವಂತಿಲ್ಲ, ತಲೆತಗ್ಗಿಸಿ ತಿದ್ದಬೇಕು. ಕ್ಷಮೆ ಕೇಳಿ, ಅಷ್ಟನ್ನೂ ಅಳಿಸಿ ಬೇರೆ ಬರೆದಳು. ಅವನು ಮತ್ತೆ ಯಾಕೆಂದ. ಮತ್ತೆ ಕ್ಷಮೆ, ಮತ್ತೆ ತಿದ್ದುಪಡಿ. ಆರು ವಾರ ಗಾಣದೆತ್ತಿನ ಹಾಗೆ ಸುತ್ತಿದಳು. ಬಿಟ್ಟುಬಿಡೋಣವೆಂದರೆ ಅರ್ಧಕ್ಕೇ ಓಡಿಹೋದವಳೆಂಬ ಹೆಸರು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ರೇಗಿದಳು. "ಅವನೇನು ನಿನ್ನ ಅತ್ತೇನಾ? ಯಾಕೆ ಅಂತ ಕೇಳಿದ್ರೆ ಯಾಕೆ ಅಂತ ಹೇಳೇ!"

"ಹಂಗೆಲ್ಲ ಎದುರು ಮಾತಾಡೋಕಾಗಲ್ಲಮ್ಮ."

ಏಳನೆಯ ಸಲ ಎರೋ ಬರೆದ: "ಎಲ್ಲಾನೂ ಪರೀಕ್ಷೆ ಮಾಡಿ ನೋಡಿದೆ. ನೀವು ಮೊದಲು ಬರೆದಿದ್ದೇ ಸರಿ. ಅಧಿಕಮಾಸ ನನಗೆ ಹೊಸದು, ಕಲಿಯೋಣ ಅಂತ ಕೇಳಿದೆ. ಪ್ರತಿ ಸಲ ಯಾಕೆ ಅಳಿಸಿದ್ರಿ?"

ಸೊನ್‌ಹ್ವಾ ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಅಷ್ಟರಲ್ಲಿ ಬೆರಳುಗಳು ತಾವಾಗಿಯೇ ಉತ್ತರ ಬರೆದು ಮುಗಿಸಿದ್ದವು: "ಕ್ಷಮಿಸಿ, ಈಗಲೇ ತಿದ್ದುತ್ತೇನೆ."